ಹಕ್ಕಳೆಯ ಬೆನ್ನು ನೋಡಿ: ಒಳಮನೆಯ ಇಟ್ಟಿಗೆ ಗೋಡೆಯ ಮೇಲೆ ಬಣ್ಣ ನಿಲ್ಲದಿದ್ದರೆ

ಮೈಸೂರಿನ ನಮ್ಮ ಮನೆಯ ಹಜಾರದಲ್ಲಿ ಗಾರೆ ಮೆತ್ತದೆ ಹಾಗೇ ಬಿಟ್ಟ ಒಂದು ಇಟ್ಟಿಗೆ ಗೋಡೆ ಇದೆ. ಕಟ್ಟಿಸಿದ ಹೊಸದರಲ್ಲಿ ಬಂದವರಿಗೆಲ್ಲ ಅದನ್ನೇ ತೋರಿಸುತ್ತಿದ್ದೆವು. ಹತ್ತು ವರ್ಷ ಕಳೆದ ಮೇಲೆ ಆ ಕೆಂಪು ಗೋಡೆ ಕೋಣೆಯ ಬೆಳಕನ್ನೆಲ್ಲ ನುಂಗುತ್ತಿದೆ ಎನ್ನಿಸಿ ಬಿಳಿ ಬಣ್ಣ ಬಳಿಸಿದೆವು. ಮೊದಲ ಮಳೆಗಾಲಕ್ಕೇ ನೆಲದಿಂದ ಎರಡಡಿಯವರೆಗೆ ಬಣ್ಣ ಹಪ್ಪಳದಂತೆ ಎದ್ದಿತು. ಕೆರೆಸಿ, ದುಬಾರಿ ಡಬ್ಬಿ ತಂದು ಮತ್ತೆ ಬಳಿಸಿದೆವು. ಮರುವರ್ಷದ ಆಗಸ್ಟ್‌ನಲ್ಲಿ ಅದೂ ಎದ್ದಿತು. ಬಣ್ಣ ಸರಿಯಿಲ್ಲ ಎಂದು ಪೇಂಟರ್ ಹೇಳಿದರು. ಪೇಂಟರ್ ಸರಿಯಿಲ್ಲ ಎಂದು ಬಣ್ಣದ ಅಂಗಡಿಯವರು ಹೇಳಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ನಾವು ದುಡ್ಡು ಕೊಟ್ಟು ಎರಡು ಸಲ ಎಮ್ಮೆಗೆ ಬರೆ ಹಾಕಿಸಿದ್ದೆವು.

ಮೂರನೆಯ ಸಲ ಡಬ್ಬಿ ತೆರೆಯುವ ಮೊದಲು, ಉದುರಿ ಬಿದ್ದಿದ್ದ ಬಣ್ಣದ ಒಂದು ಹಕ್ಕಳೆಯನ್ನು ಎತ್ತಿ ತಿರುಗಿಸಿ ನೋಡಿದೆ. ಉತ್ತರ ಅದರ ಬೆನ್ನಿನಲ್ಲಿತ್ತು. ಅಂದಿನಿಂದ ನೆಂಟರ, ನೆರೆಯವರ ಇಟ್ಟಿಗೆ ಗೋಡೆಗಳನ್ನು ನೋಡಲು ಕರೆದಾಗಲೆಲ್ಲ ನಾನು ಮೊದಲು ಕೇಳುವುದು ಇದನ್ನೇ: ಉದುರಿದ ಚೂರು ಎಲ್ಲಿ, ಗುಡಿಸಿ ಎಸೆದುಬಿಟ್ಟಿರಾ?

ಬೆನ್ನಿನಲ್ಲಿ ಏನಿದೆ?

ಅಂಗೈ ಅಗಲದ ಮೂರು ನಾಲ್ಕು ಹಕ್ಕಳೆಗಳನ್ನು ಗೋಡೆಯ ಬೇರೆ ಬೇರೆ ಜಾಗಗಳಿಂದ ತೆಗೆದುಕೊಳ್ಳಿ. ಚಾಕುವಿನ ಮೊಂಡು ತುದಿ ಸಾಕು. ಹಗಲು ಬೆಳಕಿನಲ್ಲಿ ಬೆನ್ನನ್ನು ನೋಡಿ, ಬೆರಳಿನಿಂದ ಉಜ್ಜಿ.

ಬೆನ್ನು ನುಣುಪಾಗಿ, ಗಾಜಿನಂತೆ ಸ್ವಚ್ಛವಾಗಿದ್ದರೆ ನಿಮ್ಮ ಬಣ್ಣ ಇಟ್ಟಿಗೆಯನ್ನು ಮುಟ್ಟಿಯೇ ಇಲ್ಲ. ಅದರ ಕೆಳಗೆ ಹಳೆಯ ಎನಾಮೆಲ್, ವಾರ್ನಿಷ್ ಅಥವಾ ನೀರು ನಿಲ್ಲದ ಪಾರದರ್ಶಕ ಲೇಪ ಇದೆ. ಬೆನ್ನಿನಲ್ಲಿ ಸೀಮೆಸುಣ್ಣದಂಥ ಬಿಳಿ ಹಿಟ್ಟು ಅಂಟಿದ್ದರೆ ಕೆಳಗಿರುವುದು ಹಳೆಯ ಸುಣ್ಣ ಅಥವಾ ಡ್ರೈ ಡಿಸ್ಟೆಂಪರ್. ಕೆಂಪು ಪುಡಿ ತೆಳ್ಳಗೆ, ಸಮನಾಗಿ ಅಂಟಿದ್ದರೆ ದೂಳು ತೆಗೆಯದೆ ಬಳಿದಿದ್ದಾರೆ, ಇಲ್ಲವೇ ಇಟ್ಟಿಗೆಯೇ ಸರಿಯಾಗಿ ಬೆಂದಿಲ್ಲ. ಬೆರಳಿಗೆ ಮೇಣದಂತೆ, ಸಾಬೂನಿನಂತೆ ಜಾರಿದರೆ ಹೊಸ ಸಿಮೆಂಟಿನ ಕ್ಷಾರ ಎಣ್ಣೆ ಬಣ್ಣವನ್ನು ತಿಂದಿದೆ.

ನಮ್ಮ ಹಕ್ಕಳೆಯ ಬೆನ್ನಿನಲ್ಲಿ ಇದ್ದದ್ದು ಇವು ಯಾವುವೂ ಅಲ್ಲ. ಇಟ್ಟಿಗೆಯ ಮೇಲ್ಚರ್ಮವೇ ಕಾಲು ಮಿಲಿಮೀಟರ್ ದಪ್ಪಕ್ಕೆ ಕಿತ್ತು ಬಂದಿತ್ತು. ಅದರ ಮೇಲೆ ಹತ್ತಿಯ ನವಿರಿನಂಥ ಬಿಳಿ ಸೂಜಿಗಳಿದ್ದವು. ಎಂದರೆ ಬಣ್ಣ ಬಿಟ್ಟುಕೊಟ್ಟಿರಲಿಲ್ಲ, ಕೊನೆಯವರೆಗೂ ಇಟ್ಟಿಗೆಯನ್ನು ಹಿಡಿದೇ ಇತ್ತು. ಸೋತದ್ದು ಇಟ್ಟಿಗೆ. ಪಾಪ, ಆ ಪೇಂಟರನ್ನು ಎರಡು ವರ್ಷ ಬೈದುಕೊಂಡಿದ್ದೆ.

ಬಿಳಿ ಪುಡಿಯೆಲ್ಲ ಒಂದೇ ಅಲ್ಲ. ಒಂದು ಹನಿ ನೀರು ಬಿಡಿ. ಕರಗಿ ಮಾಯವಾದರೆ ಅದು ಉಪ್ಪು, ನಮ್ಮ ಕಡೆ ಚೌಳು ಎನ್ನುವುದು ಇದನ್ನೇ. ನೀರಿಗೆ ಕರಗದೆ, ವಿನೆಗರ್ ಹನಿಗೆ ಗುಳ್ಳೆ ಬಿಟ್ಟರೆ ಅದು ಗಾರೆಯಿಂದ ಹೊರಬಂದ ಸುಣ್ಣ. ಎರಡಕ್ಕೂ ಜಗ್ಗದೆ ಬೂಷ್ಟಿನ ವಾಸನೆ ಬಂದರೆ ಅದು ಬೂಷ್ಟೇ. ಕಪ್ಪು, ಹಸಿರು ಕಲೆಗಳ ಮೇಲೆ ಒಂದು ಹನಿ ಬ್ಲೀಚ್ ದ್ರಾವಣ ಹಾಕಿದರೆ ಬೂಷ್ಟು ಕೆಲ ನಿಮಿಷಗಳಲ್ಲಿ ಬಿಳಚಿಕೊಳ್ಳುತ್ತದೆ, ಕೊಳೆ ಹಾಗೇ ಇರುತ್ತದೆ. ಬ್ಲೀಚ್ ಹಾಕಿದ ಜಾಗಕ್ಕೆ ವಿನೆಗರ್ ಆಗಲಿ ಬೇರೆ ಆಮ್ಲವಾಗಲಿ ಎಂದೂ ತಾಗಿಸಬೇಡಿ. ಎರಡೂ ಸೇರಿದರೆ ಏಳುವ ಕ್ಲೋರಿನ್ ಅನಿಲ ಶ್ವಾಸಕೋಶ ಸುಡುತ್ತದೆ. ಒಂದೇ ದಿನ ಎರಡೂ ಪರೀಕ್ಷೆ ಮಾಡಬೇಕಾಗಿದ್ದರೆ ಗೋಡೆಯ ಬೇರೆ ಬೇರೆ ಮೂಲೆಗಳಲ್ಲಿ ಮಾಡಿ.

ಇಟ್ಟಿಗೆ ಎಷ್ಟು ನೀರು ಕುಡಿಯುತ್ತದೆ?

ಸಾಮಾನ್ಯ ಸುಟ್ಟ ಇಟ್ಟಿಗೆಗೆ ಭಾರತೀಯ ಮಾನಕ ಐಎಸ್ 1077 ಇದೆ. 24 ಗಂಟೆ ನೀರಿನಲ್ಲಿ ಮುಳುಗಿಸಿಟ್ಟಾಗ ಇಟ್ಟಿಗೆ ತನ್ನ ತೂಕದ ಶೇಕಡಾ 20ಕ್ಕಿಂತ ಹೆಚ್ಚು ನೀರು ಹೀರಬಾರದು. ಹೆಚ್ಚು ಬಲದ ವರ್ಗಗಳಿಗೆ ಈ ಮಿತಿ ಶೇಕಡಾ 15. ಮೂರು ಕಿಲೋ ತೂಗುವ ಒಂದು ಇಟ್ಟಿಗೆಯನ್ನು ಊಹಿಸಿಕೊಳ್ಳಿ. ಅದು 600 ಮಿಲಿಲೀಟರ್ ನೀರು ಕುಡಿದರೂ ಮಾನಕದ ಪ್ರಕಾರ ಒಳ್ಳೆಯ ಇಟ್ಟಿಗೆಯೇ! ಗೋಡೆಯಲ್ಲಿ ಇಂಥವು ಸಾವಿರಾರು ಇರುತ್ತವೆ. ಗೋಡೆ ನೋಡಲು ಒಣಗಿದೆ ಎಂದು ಯಾರಾದರೂ ಹೇಳಿದರೆ ನಾನು ನಂಬದಿರುವುದು ಈ ಲೆಕ್ಕದ ಕಾರಣಕ್ಕೆ.

ಊರಿನ ಭಟ್ಟಿಯಲ್ಲಿ ಸುಟ್ಟ ಕೈ ಇಟ್ಟಿಗೆಗೂ ಯಂತ್ರದಲ್ಲಿ ಒತ್ತಿ ತಂತಿಯಿಂದ ಕತ್ತರಿಸಿದ ವೈರ್‌ಕಟ್ ಇಟ್ಟಿಗೆಗೂ ಇಲ್ಲಿ ಬಹಳ ಅಂತರವಿದೆ. ಕೈ ಇಟ್ಟಿಗೆ ಹೆಚ್ಚು ಕುಡಿಯುತ್ತದೆ, ಒಂದೇ ಗಾಡಿಯಲ್ಲಿ ಬಂದವುಗಳಲ್ಲೂ ಕೆಲವು ಚೆನ್ನಾಗಿ ಬೆಂದಿರುತ್ತವೆ, ಕೆಲವು ಅರೆಬೆಂದಿರುತ್ತವೆ. ಉಗುರಿನಿಂದ ಗೀರಿ ನೋಡಿ. ಗೆರೆ ಮೂಡಿದರೆ ಅರೆಬೆಂದ ಇಟ್ಟಿಗೆ. ಕರಣೆಯ ಹಿಡಿಯಿಂದ ತಟ್ಟಿದರೆ ಬೆಂದದ್ದು ಟಣ್ ಎನ್ನುತ್ತದೆ, ಬೇಯದ್ದು ಮೊದ್ದಾಗಿ ಸದ್ದು ಮಾಡುತ್ತದೆ. ಬಣ್ಣ ಗೋಡೆಯ ಉದ್ದಕ್ಕೂ ಏಳದೆ ಅಲ್ಲೊಂದು ಇಲ್ಲೊಂದು ಇಟ್ಟಿಗೆಯ ಮೇಲೆ ಮಾತ್ರ ಚೌಕ ಚೌಕವಾಗಿ ಎದ್ದರೆ ಆಯಾ ಇಟ್ಟಿಗೆಯದೇ ದೋಷ. ನೀರನ್ನು ಹುಡುಕುತ್ತಾ ಅಲೆಯಬೇಕಿಲ್ಲ.

ಈಗ ಹಲವು ಮನೆಗಳಲ್ಲಿ ಇಟ್ಟಿಗೆ ಗೋಡೆಯಂತೆ ಕಾಣುವುದು ಗಾರೆಯ ಮೇಲೆ ಅಂಟಿಸಿದ ತೆಳು ಇಟ್ಟಿಗೆ ಟೈಲ್ಸ್. ತಟ್ಟಿದಾಗ ಟೊಳ್ಳು ಸದ್ದು ಬಂದರೆ ಅಂಟು ಬಿಟ್ಟಿದೆ. ಅದು ಬಣ್ಣದ ಸಮಸ್ಯೆಯಲ್ಲ, ಟೈಲ್ಸ್ ಹಾಕುವವರನ್ನು ಕರೆಸಿ.

ನೀರಿನ ಜಾಡು

ಉಪ್ಪು ಒಂಟಿಯಾಗಿ ನಡೆಯಲಾರದು, ನೀರಿನ ಬೆನ್ನೇರಿಯೇ ಬರುತ್ತದೆ. ಇಟ್ಟಿಗೆಯ ಮಣ್ಣಿನಲ್ಲಿ, ಸಿಮೆಂಟಿನಲ್ಲಿ, ಕಟ್ಟಡಕ್ಕೆ ಬಳಸಿದ ಬೋರ್‌ವೆಲ್ ನೀರಿನಲ್ಲಿ, ಬುನಾದಿಯ ಕೆಳಗಿನ ನೆಲದಲ್ಲಿ ಸೋಡಿಯಂ, ಪೊಟ್ಯಾಸಿಯಂ, ಮೆಗ್ನೀಸಿಯಂಗಳ ಸಲ್ಫೇಟುಗಳು ಇರುತ್ತವೆ. ನೀರು ಅವುಗಳನ್ನು ಕರಗಿಸಿಕೊಂಡು ಗೋಡೆಯ ಮೈಗೆ ಬಂದು ಆರುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ಬಣ್ಣವಿಲ್ಲದ ಗೋಡೆಯಾದರೆ ಹೊರಗೆ ಹೂವಿನಂತೆ ಅರಳುತ್ತದೆ, ಗುಡಿಸಿದರೆ ಹೋಯಿತು. ಗಾಳಿಯಾಡದ ಬಣ್ಣ ಬಳಿದರೆ ನೀರು ಆರುವ ಜಾಗವೇ ಬಣ್ಣದ ಹಿಂದಕ್ಕೆ ಸರಿಯುತ್ತದೆ. ಹರಳುಗಳು ಇಟ್ಟಿಗೆಯ ರಂಧ್ರಗಳೊಳಗೆ ಬೆಳೆದು, ಒತ್ತಿ, ಇಟ್ಟಿಗೆಯ ಚರ್ಮವನ್ನೇ ಸುಲಿಯುತ್ತವೆ. ಚೌಳು ಬಂದ ಗೋಡೆಗೆ ಇನ್ನಷ್ಟು ಗಟ್ಟಿ ವಾಟರ್‌ಪ್ರೂಫ್ ಬಣ್ಣ ಹಚ್ಚಿ ಎನ್ನುವ ಸಲಹೆ ಅಂಗಡಿಗಳಲ್ಲಿ ಧಾರಾಳವಾಗಿ ಸಿಗುತ್ತದೆ. ಒಳಮೈಗೆ ಹಚ್ಚಿದರೆ ಅದು ಗೋಡೆಯನ್ನು ಒಳಗಿನಿಂದ ಪುಡಿಮಾಡುವ ಸಲಹೆ.

ಹಾಗಾಗಿ ಮೊದಲ ಕೆಲಸ ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕುವುದು. ಸೀಸದ ಕಡ್ಡಿಯಿಂದ ಗೋಡೆಯ ಮೇಲೆ ಹಾನಿಯ ಅಂಚನ್ನು ಗುರುತಿಸಿ, ಪಕ್ಕದಲ್ಲಿ ತಾರೀಖು ಬರೆದಿಡಿ. ಒಂದು ತಿಂಗಳಲ್ಲಿ ಆ ಆಕಾರ ಮಾತನಾಡತೊಡಗುತ್ತದೆ.

ನೆಲದಿಂದ ಮೇಲಕ್ಕೆ ಹೆಚ್ಚು ಕಡಿಮೆ ಸಮನಾದ ಅಲೆಯ ಗೆರೆ, ಸಾಮಾನ್ಯವಾಗಿ ಮೂರಡಿಯೊಳಗೆ ಇದ್ದರೆ ನೆಲದ ತೇವ ಏರುತ್ತಿದೆ. ಮೇಲಿನಿಂದ ಕೆಳಕ್ಕೆ ನಾಲಿಗೆಯಂತೆ ಇಳಿದಿದ್ದರೆ ಚಾವಣಿ, ಪ್ಯಾರಪೆಟ್ ಅಥವಾ ಮಳೆನೀರಿನ ಪೈಪು. ಗೋಡೆಯ ನಡುವೆ ದುಂಡಗೆ ಹರಡುವ, ಬೇಸಿಗೆಯಲ್ಲೂ ಆರದ ಮಚ್ಚೆಯಾದರೆ ಗೋಡೆಯ ಹಿಂಬದಿಯಲ್ಲಿ ಬಚ್ಚಲುಮನೆ ಇದೆಯೇ ನೋಡಿ. ರಾತ್ರಿ ಎಲ್ಲ ನಲ್ಲಿಗಳನ್ನೂ ಮುಚ್ಚಿ, ಓವರ್‌ಹೆಡ್ ಟ್ಯಾಂಕಿನ ನೀರಿನ ಮಟ್ಟಕ್ಕೆ ಒಳಗಡೆ ಗುರುತು ಹಾಕಿ, ಬೆಳಿಗ್ಗೆ ಯಾರೂ ನಲ್ಲಿ ತಿರುಗಿಸುವ ಮೊದಲು ನೋಡಿ. ಮಟ್ಟ ಇಳಿದಿದ್ದರೆ ಪೈಪು ಅಥವಾ ಫ್ಲಷ್ ಸೋರುತ್ತಿದೆ. ಮಟ್ಟ ಹಾಗೇ ಇದ್ದರೆ ಪೈಪು ಪಾರಾಯಿತೆಂದಲ್ಲ. ಹೊರಹೋಗುವ ಕೊಳವೆ ಮತ್ತು ಬಚ್ಚಲಿನ ನೆಲದ ಟೈಲ್ಸ್ ಸಂದುಗಳು ಇನ್ನೂ ಬಾಕಿ. ಅವು ಸ್ನಾನ ಮಾಡಿದಾಗ ಮಾತ್ರ ಸೋರುತ್ತವೆ.

ಹೊರಗೋಡೆಯ ಒಳಮೈ ಮಳೆಗಾಲದಲ್ಲಿ ಮಾತ್ರ, ಅದೂ ಗಾಳಿ ಬೀಸುವ ದಿಕ್ಕಿನ ಗೋಡೆ ಇಡಿಯಾಗಿ ತೇವವಾದರೆ ಮಳೆ ನೇರವಾಗಿ ದಾಟಿ ಬರುತ್ತಿದೆ. ಎರಡೂ ಬದಿಗೆ ಗಾರೆಯಿಲ್ಲದ ಒಂಬತ್ತಿಂಚಿನ ಗೋಡೆಗಳಲ್ಲಿ ಇದು ಸಾಮಾನ್ಯ. ನಾಲ್ಕೂವರೆ ಇಂಚಿನವಾದರೆ ಹೇಳುವುದೇ ಬೇಡ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಕರಾವಳಿಯಲ್ಲಿ ಸೂರನ್ನು ಮೂರು ನಾಲ್ಕು ಅಡಿ ಹೊರಚಾಚಿ ಕಟ್ಟುತ್ತಿದ್ದುದು ಚೆಂದಕ್ಕಲ್ಲ. ಇದಕ್ಕೆ ಮದ್ದು ಹೊರಗಿದೆ: ಸಂದುಗಳ ಸಡಿಲ ಗಾರೆ ಕೆದಕಿ ಮತ್ತೆ ತುಂಬಿಸುವುದು, ಸಜ್ಜಾದ ಅಡಿಯಲ್ಲಿ ನೀರು ತೊಟ್ಟಿಕ್ಕುವ ಗೆರೆ ಬಿಡಿಸುವುದು, ಇಟ್ಟಿಗೆ ಒಣಗಿದ ಮೇಲೆ ಹೊರಮೈಗೆ ಸಿಲೇನ್-ಸಿಲೋಕ್ಸೇನ್ ಜಾತಿಯ, ಆವಿ ಹೊರಬಿಡುವ ಲೇಪ ಹಚ್ಚುವುದು.

ಅನುಮಾನ ತೀರದಿದ್ದರೆ ಪ್ಲಾಸ್ಟಿಕ್ ಪರೀಕ್ಷೆ ಮಾಡಿ. ಒಂದೂವರೆ ಅಡಿ ಚೌಕದ ಪಾರದರ್ಶಕ ಪಾಲಿಥೀನ್ ಹಾಳೆಯ ನಾಲ್ಕು ಅಂಚನ್ನೂ ಟೇಪಿನಿಂದ ಗೋಡೆಗೆ ಅಂಟಿಸಿ ಒಂದೆರಡು ದಿನ ಬಿಡಿ. ಇಟ್ಟಿಗೆ ಗೋಡೆಯಲ್ಲಿ ಸಂದುಗಳ ಮೂಲಕ ಗಾಳಿ ನುಸುಳುವುದರಿಂದ ಟೇಪನ್ನು ಸಂದಿನೊಳಕ್ಕೆ ಒತ್ತಿ ಕೂರಿಸಬೇಕು. ಹಾಳೆಯ ಒಳಮೈಯಲ್ಲಿ, ಎಂದರೆ ಗೋಡೆಯ ಕಡೆ, ಹನಿ ಕಂಡರೆ ತೇವ ಗೋಡೆಯಿಂದ ಬರುತ್ತಿದೆ. ಕೋಣೆಯ ಕಡೆ ಹನಿ ಕಂಡರೆ ಅದು ಗಾಳಿಯ ತೇವ. ಅಡುಗೆಮನೆಯ ಹಬೆ, ಒಳಗೆ ಒಣಹಾಕಿದ ಬಟ್ಟೆ, ಮುಚ್ಚಿದ ಕಿಟಕಿ ಇವುಗಳನ್ನು ನೋಡಿಕೊಳ್ಳಿ. ಎರಡು ಮುಳ್ಳುಗಳ ತೇವಮಾಪಕ ಕೊಂಡವರಿಗೆ ಒಂದು ಎಚ್ಚರಿಕೆ: ಉಪ್ಪಿರುವ ಗೋಡೆಯಲ್ಲಿ ಅದು ಇರುವುದಕ್ಕಿಂತ ಹೆಚ್ಚು ತೇವ ತೋರಿಸುತ್ತದೆ.

ಹಳ್ಳಿಯ ಹಳೆಯ ಮನೆಗಳಲ್ಲಿ ಇನ್ನೊಂದು ವಿಚಿತ್ರ ಇರುತ್ತದೆ. ಸೋರಿಕೆ ಎಲ್ಲೂ ಇಲ್ಲ, ಆದರೂ ಮೋಡ ಕವಿದ ದಿನ ಗೋಡೆ ಬೆವರುತ್ತದೆ. ಆ ಗೋಡೆಯ ಆಚೆ ಬದಿಯಲ್ಲಿ ಹಿಂದೆ ದನದ ಕೊಟ್ಟಿಗೆ ಇತ್ತೇ ಎಂದು ಮನೆಯ ಹಿರಿಯರನ್ನು ಕೇಳಿ. ಗಂಜಲದ ನೈಟ್ರೇಟ್ ಉಪ್ಪು ಗೋಡೆಯಲ್ಲಿ ಕೂತರೆ ಗಾಳಿಯಲ್ಲಿರುವ ತೇವವನ್ನೇ ಎಳೆದುಕೊಳ್ಳುತ್ತದೆ. ಹಸು ಹೋಗಿ ಎಷ್ಟೋ ವರ್ಷವಾದರೂ ಉಪ್ಪು ಹೋಗಿರುವುದಿಲ್ಲ. ಅಂಥ ಗೋಡೆಗೆ ಬಣ್ಣದ ಆಸೆ ಬಿಟ್ಟು ಸುಣ್ಣಕ್ಕೆ ತೃಪ್ತಿಪಡಿ ಎಂದೇ ನಾನು ಹೇಳುವುದು.

ನಮ್ಮ ಮನೆಯ ಕಳ್ಳ

ನಮ್ಮ ಗೋಡೆಯಲ್ಲಿ ಗೆರೆ ನೆಲದಿಂದ ಎರಡಡಿಗೆ, ಸಮನಾಗಿ ಇತ್ತು. ಎಂದರೆ ನೆಲದ ತೇವ. ಆದರೆ ಮನೆ ಕಟ್ಟುವಾಗ ಪಾಯದ ಮೇಲೆ ಸುಮಾರು ಎರಡಿಂಚು ದಪ್ಪದ ಡಿಪಿಸಿ, ಅದೇ ತೇವ ತಡೆಯುವ ಕಾಂಕ್ರೀಟ್ ಪಟ್ಟಿ, ಹಾಕಿಸಿದ್ದನ್ನು ನಾನೇ ನಿಂತು ನೋಡಿದ್ದೆ. ಹತ್ತು ವರ್ಷ ಬಾರದ ತೇವ ಈಗೇಕೆ ಬಂತು? ಹೊರಗೆ ಹೋಗಿ ನೋಡಿದರೆ ಅಮ್ಮನ ದಾಸವಾಳದ ಪಾತಿ. ವರ್ಷ ವರ್ಷವೂ ಹೊಸ ಮಣ್ಣು, ಗೊಬ್ಬರ ಸುರಿದು ಸುರಿದು ಪಾತಿ ಒಂದಡಿ ಎತ್ತರಕ್ಕೆ ಬೆಳೆದಿತ್ತು. ಡಿಪಿಸಿ ಪಟ್ಟಿ ಮಣ್ಣಿನೊಳಗೆ ಹೂತು ಹೋಗಿತ್ತು. ಒದ್ದೆ ಮಣ್ಣು ಪಟ್ಟಿಯ ಮೇಲಿನ ಇಟ್ಟಿಗೆಗೆ ನೇರವಾಗಿ ಒರಗಿ ಕೂತಿತ್ತು. ದಿನಕ್ಕೆರಡು ಬಿಂದಿಗೆ ನೀರು ಬೇರೆ. ಬಣ್ಣ ಬಳಿಸಿದ ವರ್ಷವೇ ತೇವ ಕಾಣಿಸಿಕೊಂಡದ್ದು ಕಾಕತಾಳೀಯವಲ್ಲ. ಅದಕ್ಕೂ ಮೊದಲು ತೇವ ಬರುತ್ತಲೇ ಇತ್ತು, ಬರೀ ಇಟ್ಟಿಗೆಯಿಂದ ಸದ್ದಿಲ್ಲದೆ ಆರಿ ಹೋಗುತ್ತಿತ್ತು. ಬಣ್ಣ ಬಂದು ದಾರಿ ಮುಚ್ಚಿತು.

ಮಣ್ಣನ್ನು ಡಿಪಿಸಿಗಿಂತ ಆರಿಂಚು ಕೆಳಗಿಳಿಸಿ, ಗೋಡೆಗೂ ಪಾತಿಗೂ ನಡುವೆ ಒಂದಡಿ ಜಾಗ ಬಿಡಿಸಿ ಜಲ್ಲಿ ತುಂಬಿಸಿದೆ. ಅಮ್ಮ ನನ್ನೊಡನೆ ಎರಡು ದಿನ ಮಾತು ಬಿಟ್ಟರು.

ಆಮೇಲೆ ಕಾಯಬೇಕು. ಒಂದಿಂಚು ದಪ್ಪಕ್ಕೆ ಒಂದು ತಿಂಗಳು ಎನ್ನುವುದು ಗೋಡೆ ಒಣಗುವುದಕ್ಕೆ ಇರುವ ಹಳೆಯ ಅಂದಾಜು. ನಮ್ಮ ಬೇಸಿಗೆ, ಎರಡೂ ಬದಿಯ ಗಾಳಿ ಎಲ್ಲ ಸೇರಿದರೆ ಅಷ್ಟು ಹಿಡಿಯಲಿಕ್ಕಿಲ್ಲ, ಆದರೆ ವಾರದಲ್ಲಿ ಆಗುವ ಮಾತಂತೂ ಅಲ್ಲ. ಕಾಯುವಾಗ ಸುಲಿದ ಬಣ್ಣವನ್ನು ಪೂರ್ತಿ ಕೆರೆದು ಗೋಡೆಯನ್ನು ಬರಿಮೈಯಲ್ಲಿ ಬಿಡಬೇಕು. ಹದಿನೈದು ದಿನಕ್ಕೊಮ್ಮೆ ಏಳುವ ಉಪ್ಪನ್ನು ಒಣ ಬ್ರಷ್ಷಿನಿಂದ ಉಜ್ಜಿ, ಮೊರಕ್ಕೆ ತೆಗೆದು, ಮನೆಯಿಂದಾಚೆ ಎಸೆಯಬೇಕು. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಬಂದ ದಾರಿಯಲ್ಲೇ ಒಳಗೆ ಹೋಗುತ್ತದೆ, ಮುಂದಿನ ತಿಂಗಳು ಮತ್ತೆ ಹಾಜರು. ಹಟಮಾರಿ ಜಾಗಗಳಿಗೆ ನೆನೆಸಿ ಅರೆದ ಕಾಗದದ ರೊಟ್ಟಿಯನ್ನು ಅರ್ಧ ಇಂಚು ದಪ್ಪ ಮೆತ್ತಿ, ಅದು ಪೂರ್ತಿ ಒಣಗಿ ತಾನಾಗಿ ಬಿಟ್ಟುಕೊಳ್ಳುವವರೆಗೆ ಬಿಡಿ. ಒಣಗುವಾಗ ಅದು ಉಪ್ಪನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ಬಣ್ಣವಿಲ್ಲದ ಕಾಗದವೇ ಆಗಬೇಕು, ದಿನಪತ್ರಿಕೆಯ ಮಸಿ ಇಟ್ಟಿಗೆಗೆ ಹತ್ತುತ್ತದೆ.

ಆ್ಯಸಿಡ್ ಹಾಕಿ ತೊಳೆಯುವ ಅಭ್ಯಾಸ ನಮ್ಮ ಮೇಸ್ತ್ರಿಗಳಲ್ಲಿ ಬಹಳ. ಇಟ್ಟಿಗೆಯ ಮೇಲೆ ಚೆಲ್ಲಿದ ಸಿಮೆಂಟಿನ ಕಲೆಗೆ ಅದು ಸರಿ, ಅದೂ ಗೋಡೆಯನ್ನು ಮೊದಲು ನೀರಿನಿಂದ ನೆನೆಸಿ, ನೀರಿಗೆ ಆ್ಯಸಿಡ್ ಸುರಿದು (ಆ್ಯಸಿಡ್‌ಗೆ ನೀರು ಸುರಿದರೆ ಮುಖಕ್ಕೆ ಸಿಡಿಯುತ್ತದೆ), ತೀರಾ ತೆಳುವಾಗಿ ಬಳಸಿ, ಕೂಡಲೇ ಧಾರಾಳವಾಗಿ ತೊಳೆದರೆ. ಚೌಳಿಗೆ ಅದು ಮದ್ದಲ್ಲ. ಸರಿಯಾಗಿ ತೊಳೆಯದೆ ಉಳಿದ ಆ್ಯಸಿಡ್ ಗಾರೆಯೊಡನೆ ಸೇರಿ ಹೊಸ ಕ್ಲೋರೈಡ್ ಉಪ್ಪನ್ನೇ ಹುಟ್ಟಿಸುತ್ತದೆ. ಸುಣ್ಣದ ಗಾರೆಯ ಹಳೆಯ ಗೋಡೆಯಾದರೆ ಸಂದುಗಳೇ ಕರಗುತ್ತವೆ.

ನೀರಲ್ಲದಿದ್ದರೆ

ಪ್ಲಾಸ್ಟಿಕ್ ಹಾಳೆ ಒಣಗಿಯೇ ಇದ್ದು, ಹಕ್ಕಳೆಯ ಬೆನ್ನಿನಲ್ಲಿ ಉಪ್ಪೂ ಇಲ್ಲವೆಂದರೆ ಹಿಂದೆ ಯಾರೋ ಹಚ್ಚಿದ ಲೇಪದ ಕಡೆ ತಿರುಗಿ. ಬಣ್ಣ ಸುಲಿದ ಇಟ್ಟಿಗೆಯ ಮೇಲೆ ನೀರು ಚಿಮುಕಿಸಿ. ಕ್ಷಣದಲ್ಲಿ ಹೀರಿಕೊಂಡು ಕಡುಗೆಂಪಾದರೆ ಇಟ್ಟಿಗೆ ಬರಿಮೈಯಲ್ಲಿದೆ. ಕೆಸುವಿನ ಎಲೆಯ ಮೇಲಿನಂತೆ ಹನಿ ಹನಿಯಾಗಿ ಜಾರಿದರೆ ಸಿಲಿಕೋನ್ ಲೇಪ ಅಥವಾ ವಾರ್ನಿಷ್ ಇದೆ. ಮನೆ ಒಪ್ಪಿಸುವ ದಿನ ಮಿರಮಿರ ಮಿನುಗಲಿ ಎಂದು ಬಿಲ್ಡರ್‌ಗಳು ಇದನ್ನು ಹಚ್ಚಿಸಿರುತ್ತಾರೆ, ಕೊಂಡವರಿಗೆ ಹೇಳಿರುವುದಿಲ್ಲ. ನೀರಿನ ಬಣ್ಣ ಅದರ ಮೇಲೆ ಕೂರುವುದಿಲ್ಲ; ಬಳಿಯುವಾಗಲೇ ಮೀನಿನ ಕಣ್ಣಿನಂಥ ಗುಂಡು ಗುಂಡು ಖಾಲಿ ಬಿಡುತ್ತದೆ. ವಾರ್ನಿಷ್ ಆದರೆ ಪೇಂಟ್ ರಿಮೂವರ್ ಹಚ್ಚಿ ತೆಗೆಯಬಹುದು. ಸಿಲಿಕೋನ್ ಇಟ್ಟಿಗೆಯೊಳಗೆ ಕೆಲವು ಮಿಲಿಮೀಟರ್ ಇಳಿದಿರುತ್ತದೆ, ತೆಗೆಯುವುದು ಕಷ್ಟ. ಹಿಡಿತಕ್ಕೆಂದೇ ಇರುವ ಸಾಲ್ವೆಂಟ್ ಪ್ರೈಮರನ್ನು, ಎಂದರೆ ಬಣ್ಣಕ್ಕೆ ಮೊದಲು ಬಳಿಯುವ, ನೀರಿನ ಬದಲು ತಿನ್ನರ್ ಬೆರೆಸುವ ತಳದ ಕೋಟನ್ನು, ಎರಡಡಿ ಜಾಗಕ್ಕೆ ಹಚ್ಚಿ ನೋಡಿ, ನಿಲ್ಲದಿದ್ದರೆ ಗೋಡೆಯನ್ನು ಕೆಂಪಾಗಿಯೇ ಇರಗೊಡಿ.

ಹಳೆಯ ಬಣ್ಣ ಯಾವ ಜಾತಿ ಎಂದು ತಿಳಿಯಲು ಸ್ಪಿರಿಟ್ ಅದ್ದಿದ ಹತ್ತಿಯಿಂದ ಉಜ್ಜಿ. ಮೆತ್ತಗಾಗಿ ಹತ್ತಿಗೆ ಹತ್ತಿದರೆ ನೀರಿನ ಎಮಲ್ಷನ್. ಜಗ್ಗದಿದ್ದರೆ ಎಣ್ಣೆಯ ಎನಾಮೆಲ್. ಬರೀ ಒದ್ದೆ ಬಟ್ಟೆಗೇ ಬಣ್ಣ ಬಂದರೆ ಡಿಸ್ಟೆಂಪರ್, ಅದನ್ನು ಬಿಸಿನೀರಿನಲ್ಲಿ ಪೂರ್ತಿ ತೊಳೆಯದೆ ವಿಧಿಯಿಲ್ಲ. ಎನಾಮೆಲ್ ಗಟ್ಟಿಯಾಗಿ ಕೂತಿದ್ದರೆ ಹೊಳಪು ಮುರಿಯುವಷ್ಟು ಉಜ್ಜು ಕಾಗದ ಆಡಿಸಿದರೆ ಸಾಕು. ಆದರೆ ಒಣಗಿದ್ದಾಗ ಉಜ್ಜಬೇಡಿ. ಭಾರತದಲ್ಲಿ ಮನೆ ಬಣ್ಣಗಳಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮೀರಬಾರದೆಂಬ ನಿಯಮ 2016ರಲ್ಲಿ ಬಂದು, 2017ರ ನವೆಂಬರ್ 1ರಿಂದ ಜಾರಿಯಾಯಿತು. ಅದಕ್ಕೂ ಹಿಂದಿನ ಎನಾಮೆಲ್‌ನಲ್ಲಿ ಸೀಸ ಇರಬಹುದು ಎಂದೇ ಎಣಿಸಿ. ನೀರು ಹಾಕುತ್ತಾ ಉಜ್ಜಿ, ಮಕ್ಕಳನ್ನು ಆ ಕೋಣೆಗೆ ಬಿಡಬೇಡಿ. ಇಟ್ಟಿಗೆಯ ದೂಳೂ ಸಾಧುವಲ್ಲ, ಅದರಲ್ಲಿ ಸಿಲಿಕಾ ಇರುತ್ತದೆ. ಎನ್95 ಮಾಸ್ಕ್ ಹಾಕಿಕೊಳ್ಳಿ, ಮುಖಕ್ಕೆ ಸುತ್ತಿದ ಟವೆಲ್ ಏನನ್ನೂ ತಡೆಯುವುದಿಲ್ಲ.

ಹೊಸ ಗೋಡೆಯಲ್ಲಿ ಬಣ್ಣ ಸಂದುಗಳ ಮೇಲೆ ಮಾತ್ರ ಅಂಟಂಟಾಗಿ ಏಳುವುದು ಕ್ಷಾರದ ಕೆಲಸ. ಹಸಿ ಸಿಮೆಂಟಿನ ಪಿಎಚ್ 12ರಿಂದ 13. ಎಣ್ಣೆ ಮತ್ತು ಕ್ಷಾರ ಸೇರಿದರೆ ಆಗುವುದು ಸಾಬೂನು, ನಿಮ್ಮ ಗೋಡೆಯ ಮೇಲೆ ಆಗಿರುವುದೂ ಅದೇ. ಸಂದು ತುಂಬಿದ ಮೇಲೆ ಕನಿಷ್ಠ 28 ದಿನ ಬಿಡಿ, ಸಾಧ್ಯವಾದರೆ ಒಂದು ಮಳೆಗಾಲ ದಾಟಲಿ.

ಬಿಳಿ ಬಣ್ಣದ ಮೊದಲ ಕೋಟ್ ಗುಲಾಬಿ ಬಣ್ಣಕ್ಕೆ ತಿರುಗಿತೆಂದು ಗಾಬರಿಯಾಗಿ ಕರೆ ಮಾಡುವವರೇ ಹೆಚ್ಚು. ಅದು ಇಟ್ಟಿಗೆಯ ದೂಳು ಬ್ರಷ್ಷಿಗೆ ಬೆರೆತದ್ದು, ಅಥವಾ ಹಿಂದೆ ಯಾರೋ ಬಳಿದಿದ್ದ ಕಾವಿ. ಗೋಡೆಯನ್ನು ವ್ಯಾಕ್ಯೂಮ್‌ನಿಂದ ಎಳೆದು, ಒದ್ದೆ ಸ್ಪಂಜಿನಿಂದ ಒರಸಿ, ಪ್ರೈಮರ್ ಹಚ್ಚಿದ್ದರೆ ಆಗುತ್ತಿರಲಿಲ್ಲ. ಪೂರ್ತಿ ಒಣಗಿದ ಎರಡನೆಯ ಕೋಟ್‌ನ ಮೇಲೂ ಕಂದು ಕಲೆ ಇಣುಕಿದರೆ ಮಾತು ಬೇರೆ. ಒಲೆಯ ಹೊಗೆ, ತುಕ್ಕು ಹಿಡಿದ ಮೊಳೆ ಇವೆರಡರಲ್ಲಿ ಒಂದಿರುತ್ತದೆ. ಮೊಳೆ ಕೀಳಿ, ಮಸಿಗೆ ಕಲೆ ತಡೆಯುವ ಸಾಲ್ವೆಂಟ್ ಅಥವಾ ಅರಗಿನ ಪ್ರೈಮರ್ ಹಚ್ಚಿ. ನೀರಿನ ಪ್ರೈಮರ್ ಎಷ್ಟು ಕೋಟ್ ಹಚ್ಚಿದರೂ ಮಸಿ ಮೇಲೆ ಬರುತ್ತದೆ.

ಸೂಜಿಮೊನೆಯ ತೂತುಗಳು, ಸಂದಿನಲ್ಲಿ ಕೆರೆಯಂಗಳದ ಕೆಸರಿನಂತೆ ಬಿರುಕು: ಎರಡೂ ಅವಸರದ ಕುರುಹು. ಮೊದಲನೆಯದು ಬಿಸಿಲಿಗೆ ಕಾದ ಇಟ್ಟಿಗೆಯ ಒಳಗಾಳಿ ಬಣ್ಣ ತೂರಿ ಬಂದದ್ದು. ಎರಡನೆಯದು ಒಂದೇ ಕೋಟ್‌ನಲ್ಲಿ ಮುಗಿಸಲು ಸಂದಿಗೆ ಬಣ್ಣ ತುಂಬಿದ್ದು.

ಮತ್ತೆ ಬಳಿಯುವಾಗ

ಸಡಿಲ ಸಂದುಗಳನ್ನು ಅರ್ಧ ಇಂಚು ಆಳ ಕೆದಕಿ ತುಂಬಿಸಿ. ಮೆದು ಇಟ್ಟಿಗೆಗೆ ಗಡುಸು ಸಿಮೆಂಟ್ ಗಾರೆ ಬೇಡ. ಒಂದು ಪಾಲು ಸಿಮೆಂಟ್, ಒಂದು ಪಾಲು ಸುಣ್ಣ, ಆರು ಪಾಲು ಮರಳು ಸಾಕು. ಸಂದು ಇಟ್ಟಿಗೆಗಿಂತ ಗಟ್ಟಿಯಾದರೆ ತೇವ ಇಟ್ಟಿಗೆಯ ಮೂಲಕವೇ ಆರಬೇಕಾಗಿ ಇಟ್ಟಿಗೆ ಸವೆಯುತ್ತದೆ. ಪುಟ್ಟಿ ಬಳಿಯಬೇಡಿ. ಇಟ್ಟಿಗೆಯ ಆಕಾರ ಬೇಕೆಂದೇ ತಾನೇ ಗಾರೆ ಮೆತ್ತದೆ ಬಿಟ್ಟದ್ದು?

ಒಣ, ಬರಿಮೈ ಇಟ್ಟಿಗೆಗೆ ಕ್ಷಾರ ತಡೆಯುವ ನೀರಿನ ಆ್ಯಕ್ರಿಲಿಕ್ ಪ್ರೈಮರ್ ಒಂದು ಕೋಟ್, ಆಮೇಲೆ ಹೊಳಪಿಲ್ಲದ ಎಮಲ್ಷನ್ ಎರಡು ಕೋಟ್. ನಯ ಗೋಡೆಯ ಲೆಕ್ಕದಲ್ಲಿ ಬಣ್ಣ ತಂದರೆ ಅರ್ಧಕ್ಕೇ ಮುಗಿಯುತ್ತದೆ. ಮೊದಲು ಸಂದುಗಳಿಗೆ ಎರಡಿಂಚಿನ ಬ್ರಷ್, ಹಿಂದೆಯೇ ಇಟ್ಟಿಗೆಯ ಮೈಗೆ ಉದ್ದ ಕೂದಲಿನ ರೋಲರ್. ತೇವದ ಇತಿಹಾಸವಿರುವ ಗೋಡೆಗೆ ನಾನು ಎಮಲ್ಷನ್ ಹೇಳುವುದಿಲ್ಲ. ಅಲ್ಲಿ ಎರಡೇ ಆಯ್ಕೆ. ಒಂದು ಸಿಲಿಕೇಟ್ ಬಣ್ಣ. ಜರ್ಮನಿಯ ಅಡಾಲ್ಫ್ ವಿಲ್ಹೆಲ್ಮ್ ಕೈಮ್ 1878ರಲ್ಲಿ ರೂಪಿಸಿದ ಈ ಬಗೆ ಗೋಡೆಯ ಮೇಲೆ ಪೊರೆಯಾಗಿ ಕೂರದೆ ಖನಿಜದೊಡನೆ ಬೆಸೆದುಕೊಳ್ಳುತ್ತದೆ, ಆವಿಗೆ ದಾರಿ ಬಿಡುತ್ತದೆ. ಬೆಲೆ ಹೆಚ್ಚು, ಎಲ್ಲ ಅಂಗಡಿಗಳಲ್ಲೂ ಸಿಗುವುದಿಲ್ಲ. ಇನ್ನೊಂದು ನಮ್ಮ ಸುಣ್ಣ. ಗೋಡೆಯನ್ನು ತುಸು ನೆನೆಸಿ, ಹಾಲಿನಷ್ಟು ತೆಳುವಾಗಿ, ನಾಲ್ಕೈದು ಕೋಟ್. ಸುಣ್ಣ ಹಿಡಿಯಲಿ ಎಂದು ಒಂದು ಹಿಡಿ ಉಪ್ಪು ಬೆರೆಸುವ ಹಳೆಯ ರೂಢಿ ಇದೆ. ಚೌಳಿನ ಗೋಡೆಗೆ ಅದನ್ನು ಮಾಡಬೇಡಿ, ಅಂಟು ಮಾತ್ರ ಸಾಕು. ಇವೆರಡೂ ಬರಿಮೈ ಇಟ್ಟಿಗೆಗೆ ಮಾತ್ರ, ಎಮಲ್ಷನ್‌ನ ಮೇಲೆ ನಿಲ್ಲವು.

ಯಾವುದೇ ಆದರೂ ಮೊದಲು ಎರಡಡಿ ಚೌಕಕ್ಕೆ ಹಚ್ಚಿ ಒಂದು ವಾರ ಬಿಡಿ. ಎಮಲ್ಷನ್ ಆದರೆ ಬ್ಲೇಡಿನಿಂದ ಕತ್ತರಿ ಗುರುತು ಗೀರಿ, ಸೆಲ್ಲೋ ಟೇಪ್ ಒತ್ತಿ, ಒಮ್ಮೆಗೇ ಕೀಳಿ. ಟೇಪಿನಲ್ಲಿ ಬಂದ ಚೂರಿನ ಬೆನ್ನು ನೋಡಿ. ಹೊಸದಾಗಿ ಇಟ್ಟಿಗೆಗೆ ಬಣ್ಣ ಹಚ್ಚಲು ಹೊರಟವರು ಒಂದು ಮಾತು ನೆನಪಿಡಿ: ಇಟ್ಟಿಗೆಯ ರಂಧ್ರಕ್ಕಿಳಿದ ಬಣ್ಣವನ್ನು ಪೂರ್ತಿ ತೆಗೆದು ಹಳೆಯ ಕೆಂಪನ್ನು ಮರಳಿ ಪಡೆಯುವುದು ಹೆಚ್ಚು ಕಡಿಮೆ ಆಗದ ಮಾತು.

ನಮ್ಮ ಗೋಡೆ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಬರಿಮೈಯಲ್ಲಿ ಒಣಗಿತು. ಏಪ್ರಿಲ್‌ನಲ್ಲಿ ಮೇಲ್ಭಾಗಕ್ಕೆ ಎಮಲ್ಷನ್, ಕೆಳಗಿನ ಎಂಟು ಸಾಲುಗಳಿಗೆ ಸುಣ್ಣ ಹಚ್ಚಿದೆವು. ಹತ್ತಿರ ಹೋಗಿ ನೋಡಿದರೆ ಎರಡು ಬಿಳಿಗಳ ನಡುವೆ ಗೆರೆ ಕಾಣುತ್ತದೆ, ಅದನ್ನು ಮರೆಮಾಡಲು ಒಂದು ಬೆಂಚು ಇಟ್ಟಿದ್ದೇವೆ. ಎರಡು ಮಳೆಗಾಲ ಕಳೆದಿವೆ. ಬಾಗಿಲ ಪಕ್ಕದ ಮೂರು ಇಟ್ಟಿಗೆಗಳಲ್ಲಿ ಮಾತ್ರ ಈಗಲೂ ಸೆಪ್ಟೆಂಬರ್‌ನಲ್ಲಿ ಚಿಟಿಕೆಯಷ್ಟು ಚೌಳು ಏಳುತ್ತದೆ. ಬ್ರಷ್ಷನ್ನು ಬೆಂಚಿನ ಕೆಳಗೇ ಇಟ್ಟಿದ್ದೇನೆ.